ಕತ್ತೆ ಸವಾರಿ

ವೇಲ್ಸ್‌ನ ಆ ಕಡಲೂರಿನಲ್ಲಿ ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಪಿಯರ್ ಇದೆ, ಗುಡ್ಡ ಹತ್ತುವ ಟ್ರಾಮ್ ಇದೆ. ನನ್ನ ಮಗಳಿಗೆ ಅವು ಯಾವುವೂ ಬೇಡ. ಅವಳಿಗೆ ಬೇಕಿದ್ದದ್ದು ಮರಳ ಮೇಲಿನ ಕತ್ತೆ ಸವಾರಿ. ಕಳೆದ ವರ್ಷ ಮಳೆ ಬಂದು ತಪ್ಪಿತ್ತು. ದೊಡ್ಡ ಮಕ್ಕಳನ್ನು ಅಲ್ಲಿ ಹತ್ತಿಸುವುದಿಲ್ಲ; ಅವಳು ಬೆಳೆಯುತ್ತಿರುವ ರೀತಿ ನೋಡಿದರೆ ಇದೇ ಕೊನೆಯ ಬೇಸಿಗೆ. ಬರ್ಚ್‌ವುಡ್‌ನ ನಮ್ಮ ಮನೆ ಬಿಟ್ಟಾಗಿನಿಂದ ಕಾರಿನಲ್ಲಿ ಒಂದೇ ಜಪ, "ಡಾಂಕಿ, ಡಾಂಕಿ." ಧಾರವಾಡದಿಂದ ಬಂದಿದ್ದ ನನ್ನ ಅಪ್ಪ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಕಡೆಗೂ ನಮ್ಮ ಸರದಿ ಬಂತು. ಕತ್ತೆ ಹಿಡಿದಿದ್ದ ಹೆಂಗಸು ಮಗಳನ್ನು ಎತ್ತಿ ಜೀನಿನ ಮೇಲೆ ಕೂರಿಸಿದ್ದೇ ತಡ, ಅಪ್ಪ ಕೈಯಲ್ಲಿದ್ದ ಐಸ್‌ಕ್ರೀಮ್ ಬಿಸಾಡಿ ಓಡಿ ಬಂದರು.

"ಇಳಸು ಆಕಿನ್ನ! ಕಳ್ಳರನ್ನ ಕತ್ತಿ ಮ್ಯಾಲೆ ಕೂಡಿಸಿ ಮೆರವಣಿಗಿ ಮಾಡ್ತಾರ. ನನ್ನ ಮೊಮ್ಮಗಳು ಏನ್ ತಪ್ಪು ಮಾಡ್ಯಾಳ?"

"ಅಪ್ಪಾ, ಇಲ್ಲಿ ಹಂಗಿಲ್ರಿ. ಎಲ್ಲಾ ಹುಡುಗ್ರೂ ಕೂಡ್ತಾವ, ನೋಡ್ರಿ."

"ಕೂಡ್ಲಿ. ನಮ್ಮ ಮನಿತನದಾಗ ಯಾರೂ ಕತ್ತಿ ಹತ್ತಿಲ್ಲ."

ಹಾಗೆಂದವರೇ ಸೊಂಟ ಹಿಡಿದು ಅವಳನ್ನು ಮರಳಿಗೆ ಇಳಿಸಿಬಿಟ್ಟರು. ಹಿಂದಿದ್ದ ಮಗು ಹತ್ತಿ ಕೂತಿತು, ಕತ್ತೆ ಹೊರಟೇಹೋಯಿತು.

ನನ್ನ ಮೈ ಉರಿದುಹೋಯಿತು. ಚಿಕ್ಕವಳಿದ್ದಾಗ ಲೆಕ್ಕದಲ್ಲಿ ಅಂಕ ಕಡಿಮೆ ಬಂದರೆ ಅಪ್ಪನಿಗೆ ನಾನು ಕತ್ತೆ. ಹಾಲು ಉಕ್ಕಿಸಿದರೆ ಕತ್ತೆ. ಮೆಡಿಕಲ್ ಸೀಟು ಸಿಕ್ಕ ದಿನವೂ "ಈ ಕತ್ತಿಗೂ ಸೀಟ್ ಸಿಕ್ತು ನೋಡ್ರಿ" ಎಂದು ಬಂದವರೆದುರು ನಕ್ಕಿದ್ದರು. ಇಲ್ಲಿ ಜಿಪಿ ಡಾಕ್ಟರಾಗಿ ಇಷ್ಟು ವರ್ಷ ದುಡಿದ ಮೇಲೂ, ಚಹಾ ತಣ್ಣಗಾದರೆ, ಮಗಳೆದುರೇ ಕತ್ತೆ. ಜೀವನವಿಡೀ ಬಾಯಲ್ಲಿ ಕತ್ತೆ ಇಟ್ಟುಕೊಂಡಿದ್ದ ಮನುಷ್ಯನಿಗೆ ನಿಜವಾದ ಕತ್ತೆ ಕಂಡರೆ ಮರ್ಯಾದೆ ಹೋಗುತ್ತದಂತೆ!

ನಾನು ಬಾಯಿ ತೆರೆಯುವ ಮೊದಲೇ ಮಗಳು ಅವರ ಅಂಗಿ ಜಗ್ಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಅಪರೂಪ. ಅಂದು ಆಡಿದಳು.

"ಅಜ್ಜಾ, ನೀನು ಅಮ್ಮಂಗೆ ಕತ್ತೆ ಅಂತೀಯ. ಅಮ್ಮ ಏನು ತಪ್ಪು ಮಾಡಿದ್ಲು?"

ಅಪ್ಪ ಅಂಗಿ ಬಿಡಿಸಿಕೊಂಡರು. ನಾನು ಅವಳ ಕೈ ಹಿಡಿದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಅವಳು ಸವಾರಿ ಮಾಡುವಾಗ ಫೋಟೋ ತೆಗೆದೆ; ಅಷ್ಟು ಹೊತ್ತೂ ಅಪ್ಪ ನಮಗೆ ಬೆನ್ನು ಹಾಕಿ ಸಮುದ್ರ ನೋಡುತ್ತಿದ್ದರು.

ಕಾರು ಹತ್ತುವಾಗ ಬಾಯಿಬಿಟ್ಟರು. "ಆ ಫೋಟೋ ಮನಿ ಗ್ರೂಪಿಗೆ ಹಾಕಬ್ಯಾಡ."

ಅಲ್ಲೇ, ಅವರ ಕಣ್ಣೆದುರೇ ಹಾಕಿದೆ. ಕೆಳಗೆ ಬರೆದೆ: "ಕತ್ತೆಯ ಮಗಳು, ಕತ್ತೆಯ ಮೇಲೆ."