ಬೀದರ್‌ನಿಂದ ಎರಡು ಬರ್ತು

ಪುಣೆ ಇರುವುದು ಪಶ್ಚಿಮಕ್ಕೆ. ಅಲ್ಲಿಗೆ ಹೋಗಲೆಂದು ಠಾಣಾ ಕುಶನೂರಿನಿಂದ ಹೊರಟ ನಾನೂ ನಮ್ಮ ಅಕ್ಕನೂ ಮೊದಲು ಹೋದದ್ದು ಪೂರ್ವಕ್ಕೆ, ಔರಾದಿಗೆ. ಕುಶನೂರಿನಲ್ಲಿ ಫೋನಿನ ನೆಟ್‌ವರ್ಕ್ ಮನಸ್ಸು ಬಂದರೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ರೈಲಿನ ಟಿಕೆಟು ಸಿಗುವುದಿದ್ದರೆ ಔರಾದಿನ ಕಂಪ್ಯೂಟರ್ ಅಂಗಡಿಯಲ್ಲೇ ಸಿಗಬೇಕಾಗಿತ್ತು.

ಅಕ್ಕನ ಹೆಸರು ಸುವರ್ಣಮ್ಮ. ಕುಶನೂರಿನ ಸರ್ಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಸುತ್ತಿನ ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟದವರನ್ನು ಹುಡುಕುವುದು ಕಷ್ಟ. ನಾನು ಬೀದರಿನ ಮೈಲೂರಿನಲ್ಲಿ ಮನೆ ಮಾಡಿಕೊಂಡಿರುವ ಡ್ರಾಯಿಂಗ್ ಮಾಸ್ತರ. ಕಿಟಕಿಯ ಪಕ್ಕ ಕೂರಿಸಿದರೆ ಸಾಕು, ಕಣ್ಣು ತೆರೆದೇ ಕನಸಿಗೆ ಬೀಳುತ್ತೇನೆ. ಚಿಕ್ಕಂದಿನಲ್ಲಿ ಚರ್ಚಿನ ಪ್ರಸಂಗದ ನಡುವೆ ಅಪ್ಪ ನನ್ನ ತೊಡೆ ಚಿವುಟಲೆಂದೇ ಪಕ್ಕದಲ್ಲಿ ಕೂರುತ್ತಿದ್ದರು.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಕುಶನೂರಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದು, ಜನ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹಾಗೆ ಗಂಡನ ಜೊತೆ ಹೋದ ಸಂಗೀತಾ ಅಲ್ಲೇ ಬಸುರಿಯಾಗಿದ್ದಳು, ಈಗ ದಿನ ತುಂಬಿತ್ತು. ಅವಳು ಹುಟ್ಟಿದ್ದೂ ಅಕ್ಕನ ಕೈಯಲ್ಲೇ. ಅವಳ ತಾಯಿ ತೀರಿಕೊಂಡಾಗ ಆಕೆಯ ಕಣ್ಣು ಮುಚ್ಚಿಸಿದವಳೂ ಅಕ್ಕನೇ. ಚೊಚ್ಚಲಿಗೆ ನಾನಿರುತ್ತೇನೆ ಎಂದು ಮದುವೆಯ ದಿನವೇ ಮಾತು ಕೊಟ್ಟಿದ್ದಳು. ಸೋಮವಾರ ಸಂಗೀತಾ ಫೋನು ಮಾಡಿದಳು. "ಸಿಸ್ಟರ್, ನೀವ್ ಬರೂತನಾ ನಾ ತಡೀತೇನಿ ರಿ" ಎಂದಳಂತೆ. ಅಕ್ಕ ಆ ಕ್ಷಣವೇ ಚೀಲ ತುಂಬಿ ನನ್ನನ್ನು ಬೀದರಿನಿಂದ ಕರೆಸಿಕೊಂಡಳು. ರೈಲಿನ ದರ ನೋಡುವುದು, ಟಿಕೆಟು ತೆಗೆಯುವುದು ನನಗೆ ಗೊತ್ತು ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದವನು ನಾನೇ.

ಔರಾದಿನಲ್ಲಿ ಮಂಗಳವಾರ ಹತ್ತು ಗಂಟೆಗೇ ರಸ್ತೆ ಬಿಸಿಯೇರಿತ್ತು. ಕಂಪ್ಯೂಟರ್ ಅಂಗಡಿ ನಡೆಸುವ ಪಂಚಶೀಲಾ ಬಿ.ಕಾಂ. ಓದಿದವಳು, ತಾಳ್ಮೆಯ ಹೆಣ್ಣುಮಗಳು. ನನ್ನ ಫೋನಿನಿಂದಲೇ ಮಾಡುತ್ತೇನೆಂದು ನಾನು ಒಂದು ಗಂಟೆ ಹಟ ಹಿಡಿದೆ. ಒಂದು ತಾಣದಲ್ಲಿ ಸ್ಲೀಪರ್ ದರ ಮುನ್ನೂರ ಚಿಲ್ಲರೆ, ಇನ್ನೊಂದರಲ್ಲಿ ನಾನೂರರ ಸಮೀಪ. ಮೂರನೆಯದು ಮೊದಲ ಪುಟದಲ್ಲಿ ಒಂದು ದರ ತೋರಿಸಿ ಹಣ ಕಟ್ಟುವ ಪುಟದಲ್ಲಿ ಬೇರೆಯದನ್ನು ಕೇಳಿತು. ಅಷ್ಟರಲ್ಲಿ ಸಮಯ ಮುಗಿಯಿತು, ಮತ್ತೆ ಮೊದಲಿನಿಂದ ಶುರುಮಾಡಿ ಎಂದಿತು. ತೆರೆಯ ನಡುವೆ ಆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಅದನ್ನು ನೋಡುತ್ತ ನೋಡುತ್ತ ನಾನು ಎಲ್ಲಿಗೆ ಹೋಗಬೇಕಿತ್ತೆಂಬುದೇ ಮರೆತುಹೋಯಿತು.

ಕೊನೆಗೆ ಪಂಚಶೀಲಾ ತನ್ನ ಕಂಪ್ಯೂಟರಿಗೆ ಕೂತಳು. ಅದು ಸೊಟ್ಟ ಅಕ್ಷರಗಳನ್ನು ತೋರಿಸಿ, ನೀವು ಮನುಷ್ಯರೆಂದು ಸಾಬೀತು ಮಾಡಿ ಎಂದು ಕೇಳಿತು. ಇಡೀ ತಾಲ್ಲೂಕಿಗೆ ಗುರುತಿದ್ದ ಅಕ್ಕ ಕನ್ನಡಕ ಏರಿಸಿ ಎರಡು ಸಲ ಓದಿದಳು, ಎರಡು ಸಲವೂ ತಪ್ಪೆಂದಿತು. ಅಂತೂ ಒಳಗೆ ಹೋದಾಗ ಭಾಲ್ಕಿಯಿಂದ ಪುಣೆಗೆ ಮರುದಿನ ವೇಟಿಂಗ್ ಲಿಸ್ಟ್, ಅದರ ಮರುದಿನವೂ ಅದೇ. ವಾರ ತಡೆದು ಹೋದರೆ ಸಿಗುತ್ತದೆ ಎಂದಳು ಪಂಚಶೀಲಾ.

"ಹೊಟ್ಟ್ಯಾಗಿನ ಕೂಸಿಗಿ ವೇಟಿಂಗ್ ಲಿಸ್ಟ್ ತಿಳೀತದೇನವ್ವಾ?" ಎಂದಳು ಅಕ್ಕ.

ಆಗ ನನ್ನ ಬುದ್ಧಿ ಓಡಿತು. ಅದೇ ಗಾಡಿಯನ್ನು ಬೀದರಿನಿಂದ ಹುಡುಕಿಸಿದೆ. ಗಾಡಿ ಹೊರಡುವ ಊರಾದ್ದರಿಂದ ಅಲ್ಲಿಯ ಪಾಲಿನ ಸೀಟು ಉಳಿದಿದ್ದವು. ಎರಡು ಬರ್ತು ಸಿಕ್ಕವು. ಗಾಡಿ ಹೇಗೂ ಭಾಲ್ಕಿಗೆ ಬರುತ್ತದೆ, ಅಲ್ಲೇ ಹತ್ತಿದರಾಯಿತು. ಹತ್ತುವ ನಿಲ್ದಾಣ ಬದಲಿಸಬೇಕಾಗಬಹುದು ಎಂದು ಪಂಚಶೀಲಾ ಒಂದು ಪುಟ ತೆರೆದಳು, ಅದರಲ್ಲೂ ಚಕ್ರ ಸುತ್ತತೊಡಗಿತು. ಅದೇನೂ ಬೇಡ ಬಿಡಿ ಎಂದು ನಾನೇ ಎದ್ದೆ. ಹಸಿವಾಗಿತ್ತು, ಬಸ್ ನಿಲ್ದಾಣದ ಎದುರು ಮಂಡಕ್ಕಿಯ ಸೂಸಲಾ ತಿಂದು ಜಂಬದಿಂದ ಕುಶನೂರಿಗೆ ಮರಳಿದೆವು.

ಬುಧವಾರ ಬೆಳಿಗ್ಗೆ ಭಾಲ್ಕಿಯ ಬಸ್ಸು. ಅಕ್ಕನಿಗೆ ಸೀಟು ಬಿಟ್ಟುಕೊಡಲು ಮೂರು ಜನ ಎದ್ದರು. ಹೊಲಗಳಲ್ಲಿ ತೊಗರಿಯ ಕಟ್ಟಿಗೆಯೂ ಉಳಿದಿರಲಿಲ್ಲ. ಕಪ್ಪು ನೆಲ ಬಾಯಿಬಿಟ್ಟುಕೊಂಡು ಬಿಸಿಲು ಕಾಯಿಸುತ್ತಿತ್ತು. ಮಾಂಜ್ರಾ ಸೇತುವೆ ದಾಟುವಾಗ ಕೆಳಗೆ ನೀರಿರಲಿಲ್ಲ, ಮರಳಿನಲ್ಲಿ ತೋಡಿದ ಒರತೆಗಳ ಸುತ್ತ ಕೊಡಗಳು ಸಾಲಾಗಿದ್ದವು. ಬಿಸಿಲ್ಗುದುರೆ ಮಾತ್ರ ನದಿಯ ತುಂಬ ಇತ್ತು. ಅದರೊಳಗೆ ಜನ ಮೊಣಕಾಲ ಮಟ್ಟದ ನೀರಿನಲ್ಲಿ ನಡೆದ ಹಾಗೆ ಕಾಣುತ್ತಿದ್ದರು. ಅದನ್ನು ಬಣ್ಣದಲ್ಲಿ ಹೇಗೆ ತರುವುದೆಂದು ಯೋಚಿಸುತ್ತ ಕೂತೆ. ಭಾಲ್ಕಿ ಬಂತೆಂದು ಅಕ್ಕ ಭುಜ ತಟ್ಟಬೇಕಾಯಿತು.

ಮಧ್ಯಾಹ್ನ ಭಾಲ್ಕಿ ನಿಲ್ದಾಣದ ಬೇವಿನ ನೆರಳಲ್ಲಿ ರೊಟ್ಟಿ, ಪುಂಡಿಪಲ್ಯೆ ಬಿಚ್ಚಿದೆವು. ಗಾಡಿ ಬರುವುದು ಸಂಜೆ. ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ಕೌಂಟರಿಗೆ ಹೋದೆ. ಗುಮಾಸ್ತ ನನ್ನ ಫೋನು ನೋಡಿ ತಲೆ ಅಲ್ಲಾಡಿಸಿದ.

"ಮಾಸ್ತರ್, ಇದು ಬೀದರ್‌ಲಿಂದ ಅದಾ ರಿ. ಅಲ್ಲಿ ಹತ್ತಲಿಲ್ಲಂದ್ರ ಬರ್ತು ಬ್ಯಾರೆಯವ್ರಿಗಿ ಕೊಡ್ತಾರ. ಬದಲಿ ಮಾಡೂದಿತ್ತಂದ್ರ ನಿನ್ನಿಗೇ ಮಾಡಬೇಕಿತ್ತು."

ಬೀದರಿಗೆ ನಲವತ್ತು ಕಿಲೋಮೀಟರು. ಬಂದ ಬಸ್ಸಿನಲ್ಲಿ ಬಾಗಿಲವರೆಗೂ ಜನ. ಮೊಣಕಾಲು ನೋವಿನ ಅಕ್ಕ ಅದರಲ್ಲಿ ನಿಲ್ಲುವಂತಿರಲಿಲ್ಲ. ನಾನೊಬ್ಬನೇ ಹೋಗಿ ಎರಡೂ ಬರ್ತು ಕಾಯುತ್ತೇನೆ, ಗಾಡಿ ಇಲ್ಲಿಗೆ ಬಂದಾಗ ಬಾಗಿಲಲ್ಲಿ ನಿಂತು ಬಿಳಿ ಟವೆಲು ಬೀಸುತ್ತೇನೆ, ಅದನ್ನು ನೋಡಿ ಹತ್ತು ಎಂದೆ.

"ಮಲಗಬ್ಯಾಡ ತಮ್ಮಾ" ಎಂದಳು ಅಕ್ಕ, ಅಷ್ಟೇ.

ಬಸ್ಸು ಬೀದರ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮೈಲೂರಿನಲ್ಲೇ ನನ್ನ ಮನೆಯಿದ್ದರೂ ಒಂದು ಲೋಟ ನೀರಿಗೂ ಹೋಗಲಾಗದೆ ಸೀದಾ ಸ್ಟೇಷನ್ನಿಗೆ ಓಡಿದೆ. ಗಾಡಿ ನಿಂತಿತ್ತು. ಟಿ.ಸಿ. ಹೊರಗಿನವರು, ಅಕ್ಕನ ಹೆಸರು ಕೇಳಿ ಕರಗುವವರಲ್ಲ. ಇನ್ನೊಬ್ಬರೆಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಎಲ್ಲ ಹೇಳಿದೆ: ಔರಾದು, ವೇಟಿಂಗ್ ಲಿಸ್ಟು, ದಿನ ತುಂಬಿದ ಹುಡುಗಿ. ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ನಿಯಮವಲ್ಲ, ಆದರೂ ಭಾಲ್ಕಿಯವರೆಗೆ ಬಿಡುತ್ತೇನೆ ಎಂದರು. ಅವರಿಗೆ ಕೈ ಮುಗಿಯಬೇಕೆನಿಸಿತು.

ಎದುರಿನ ಬರ್ತಿನ ಮೇಲೆ ಅಕ್ಕನ ಹೆಸರಿಗೆ ನನ್ನ ಚೀಲವಿಟ್ಟೆ. ಟವೆಲು ತೊಡೆಯ ಮೇಲಿತ್ತು. ಗಾಡಿ ಹೊರಟಿತು. ಕಿಟಕಿಯಲ್ಲಿ ಕೆಂಪು ಜಂಬಿಟ್ಟಿಗೆಯ ನೆಲ ಬಂತು, ಹಿಂದೆಯೇ ಕಪ್ಪು ನೆಲ, ಸಂಜೆಯ ಹಳದಿ ಬೆಳಕು, ಒಬ್ಬಂಟಿ ಆಲದ ಮರ. ಮೂರು ದಿನದಲ್ಲಿ ಮೊದಲ ಬಾರಿ ಗಾಳಿ ತಂಪಾಗಿ ಬೀಸಿತು. ಟಿಕೆಟಿನ ಆ ಸಣ್ಣ ಚಕ್ರ ಮೆಲ್ಲಗೆ ಗಾಡಿಯ ಚಕ್ರವಾಯಿತು, ಅದು ಮಾಂಜ್ರಾದ ನೀರಿಲ್ಲದ ನೀರಿನಲ್ಲಿ ತಿರುಗುತ್ತ ಹೋಯಿತು. ದಡದಲ್ಲಿ ಅಕ್ಕ ನಿಂತಿದ್ದಳು, ನಾನು ಟವೆಲು ಬೀಸುತ್ತಲೇ ಇದ್ದೆ.

ಎಚ್ಚರವಾದಾಗ ಭಾಲ್ಕಿಯ ಹಳದಿ ಫಲಕ ಕಿಟಕಿಯ ಪಕ್ಕ ಹಿಂದಕ್ಕೆ ಸರಿಯುತ್ತಿತ್ತು. ಟವೆಲು ಕಾಲ ಬಳಿ ಬಿದ್ದಿತ್ತು. ಬಾಗಿಲಿಗೆ ಓಡಿದೆ. ಪ್ಲಾಟ್‌ಫಾರಂ ಖಾಲಿ, ಬೇವಿನ ಕೆಳಗೂ ಯಾರಿಲ್ಲ. ಫೋನು ಹಚ್ಚಿದರೆ ಸಂಪರ್ಕವೇ ಇಲ್ಲ. ಸಂಗೀತಾ ಅಲ್ಲಿ ತಡೆದುಕೊಂಡಿದ್ದಾಳೆ, ನಾನಿಲ್ಲಿ ನಿದ್ದೆ ಮಾಡಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಟಿ.ಸಿ. ಬಂದು ಖಾಲಿ ಬರ್ತು ನೋಡಿದರು. ಅಕ್ಕನ ಹೆಸರಿನ ಮುಂದೆ ಗುರುತು ಹಾಕಿ, ಕಾಯುತ್ತಿದ್ದ ಒಬ್ಬರಿಗೆ ಆ ಬರ್ತು ಕೊಟ್ಟರು. ನಾನು ಚೀಲ ಎತ್ತಿಕೊಂಡೆ.

ಕಮಲನಗರ ದಾಟುವಾಗ ಫೋನು ಬಂತು. ಹಿಂದೆ ಸಂತೆಯಷ್ಟು ಗದ್ದಲ.

"ನೀ ಮಲಗೀದಿ ಅಂತ ಗೊತ್ತಾಯ್ತು" ಎಂದಳು ಅಕ್ಕ. "ನಾ ಮುಂದಿನ ಜನರಲ್ ಡಬ್ಬ್ಯಾಗ ಇದ್ದೀನಿ. ಪುಣೆಗಿ ಕೆಲಸಕ್ಕ ಹೊಂಟ ಸಾಯಗಾಂವದ ಮಂದಿ ಕೈ ಹಿಡ್ದು ಮ್ಯಾಲ ಎತ್ಕೊಂಡಾರ."

ಉದಗೀರಿನಲ್ಲಿ ಇಳಿದು ಮುಂದಕ್ಕೆ ಓಡಿದೆ. ಆ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟು, ಪಾತ್ರೆ, ಸಲಿಕೆ, ಮಲಗಿದ ಮಕ್ಕಳು. ಅದರ ನಡುವೆ ಕಿಟಕಿಯ ಪಕ್ಕ ಅಕ್ಕ ಕಾಲು ಚಾಚಿ ಕೂತಿದ್ದಳು. ಕೆಳಗೆ ಯಾರದೋ ಕೌದಿ ಹಾಸಿತ್ತು. ಇಬ್ಬರು ಹೆಂಗಸರು ಅವಳಿಗಾಗಿ ನಿಂತೇ ಇದ್ದರು. ನನ್ನ ಬರ್ತಿಗೆ ಬಾ, ನಾನಿಲ್ಲಿ ಇರುತ್ತೇನೆ ಎಂದೆ.

"ಬ್ಯಾಡ. ಇಲ್ಲಿ ನನಗ ಯಾರೂ ಟಿಕೀಟ್ ಕೇಳಿಲ್ಲ" ಎಂದು ನಕ್ಕಳು.

ಬೆಳಿಗ್ಗೆ ಪುಣೆಯಲ್ಲಿ ಸಂಗೀತಾಳ ಗಂಡ ಮಾರುತಿ ಕಾಯುತ್ತಿದ್ದ. ನಸುಕಿನಲ್ಲಿ ನೋವು ಶುರುವಾಗಿ ಸರ್ಕಾರಿ ದವಾಖಾನೆಗೆ ಸೇರಿಸಿದ್ದನಂತೆ. ಅಕ್ಕ ಮುಖವನ್ನೂ ತೊಳೆಯದೆ ಆಟೋ ಹತ್ತಿದಳು. ಅಲ್ಲಿಯ ನರ್ಸುಗಳ ಜೊತೆ ಏನು ಮಾತಾಡಿದಳೋ, ಒಳಗೆ ಬಿಟ್ಟರು. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಹುಟ್ಟುವವರೆಗೂ ಸಂಗೀತಾ ಅಕ್ಕನ ಕೈ ಬಿಡಲಿಲ್ಲವಂತೆ. ಹೊರಗೆ ಬೆಂಚಿನ ಮೇಲೆ ಕೂತು ನಾನು ಅತ್ತೆ.

ರೈಲಿನವರ ಪಟ್ಟಿಯ ಪ್ರಕಾರ ಸುವರ್ಣಮ್ಮ ಎಂಬ ಪ್ರಯಾಣಿಕಳು ಆ ಗಾಡಿ ಹತ್ತಲೇ ಇಲ್ಲ. ಟಿಕೆಟು ಈಗಲೂ ನನ್ನ ಫೋನಿನಲ್ಲಿದೆ.

ಅಕ್ಕ ಬಾಣಂತನಕ್ಕೆ ಅಲ್ಲೇ ಉಳಿದಳು. ವಾರದ ಮೇಲೆ ನಾನೊಬ್ಬನೇ ಮರಳಿದೆ. ಬೆಳಗಿನ ಎಳೆಬಿಸಿಲಲ್ಲಿ ಭಾಲ್ಕಿ ಬಂತು. ಈ ಸಲ ಎಚ್ಚರವಿದ್ದೆ. ಬಾಗಿಲಿಗೆ ಹೋಗಿ ಬಿಳಿ ಟವೆಲು ಬೀಸಿದೆ, ಯಾರಿಗೆಂದು ಕೇಳಿದ್ದರೆ ಹೇಳಲು ಗೊತ್ತಿರಲಿಲ್ಲ. ಬೇವಿನ ಕೆಳಗೆ ಗಂಟುಗಳ ನಡುವೆ, ಸಂಜೆಯ ಪುಣೆ ಗಾಡಿಗೆ ಬೆಳಿಗ್ಗೆಯೇ ಬಂದು ಕಾಯುತ್ತ ಕೂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಕೈ ಬೀಸಿದಳು.