ಹುಡುಕಿದವರ ಪಟ್ಟಿ

ಇದನ್ನು ಹೇಳುವುದನ್ನು ಇಷ್ಟು ದಿನ ಮುಂದೂಡುತ್ತಲೇ ಬಂದೆ. ಗುಬ್ಬಿಯ ನಮ್ಮ ಅಂಗಡಿಯ ವೆಬ್‌ಸೈಟಿನಲ್ಲಿ ಜನ ಏನೇನು ಹುಡುಕಿದರೆಂದು ಪ್ರತಿ ಸೋಮವಾರ ನೋಡುವ ಕೆಲಸ ನನ್ನದಾಗಿತ್ತು. ನನ್ನ ಗಾಣದ ಕೊಬ್ಬರಿ ಎಣ್ಣೆಯನ್ನು ಯಾರೂ ಹುಡುಕುತ್ತಿರಲಿಲ್ಲ. ಪಟ್ಟಿಯ ತುಂಬ ತಮ್ಮನ ಹೆಂಡತಿ ಕುಣಿಗಲ್‌ನಿಂದ ಕಳಿಸುತ್ತಿದ್ದ ಹುಚ್ಚೆಳ್ಳು ಚಟ್ನಿಪುಡಿಯೇ. ಕೆಲವರು ‘ಕುಣಿಗಲ್ ಅಕ್ಕನ ಪುಡಿ’ ಎಂದೇ ಟೈಪ್ ಮಾಡುತ್ತಿದ್ದರು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ, ಚಟ್ನಿಪುಡಿ ಎಂದು ಹುಡುಕಿದರೂ ನನ್ನ ಎಣ್ಣೆಯೇ ಕಾಣುವಂತೆ ಮಾಡಿದೆ.

ಆರ್ಡರ್ ನಿಂತಾಗ ಅವಳು ಫೋನ್ ಮಾಡಿದಳು.

“ಭಾವ, ನನ್ ಪುಡೀನ ಯಾರೂ ಹುಡುಕ್ತಿಲ್ವಾ?”

“ಒಬ್ರೂ ಇಲ್ಲ ಕಣಮ್ಮ.”

“ಹಂಗಾದ್ರೆ ನನ್ ಕೈ ರುಚಿನೇ ಕೆಟ್ಟೈತೆ ಬುಡಿ,” ಎಂದವಳು ಪುಡಿ ಮಾಡುವುದನ್ನೇ ನಿಲ್ಲಿಸಿದಳು.

ಅವಳು ಫೋನ್ ಮಾಡಿದ ವಾರದ ಪಟ್ಟಿಯಲ್ಲೂ ಅವಳ ಪುಡಿಯನ್ನು ಹುಡುಕಿದವರಿದ್ದರು. ನಾನು ಇಂದಿಗೂ ಕ್ಷಮೆ ಕೇಳದಿರುವುದು ಅವಳಲ್ಲಿ, ನನ್ನ ತಮ್ಮನ ಹೆಂಡತಿಯಲ್ಲಿ.