ಸ್ವಲ್ಪದರಲ್ಲಿ ತಪ್ಪಿತು

ಶಾಂತಕ್ಕ, ಅವತ್ತು ನನ್ನ ಬಸ್ಸು ಕೆಟ್ಟಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ನನ್ನನ್ನು ಬಿಟ್ಟು ಹೋಗಿತ್ತು. ನಾನು ಸ್ಲಾಟ್ ಮಷೀನಿನ ಹಿಡಿಕೆ ಎಳೆಯುತ್ತ ನಿಂತಿದ್ದೆ.

ಊರಿಗೂ ನಿಮಗೂ "ಮಷೀನ್ ಫ್ಯಾಕ್ಟರಿ" ಎಂದಷ್ಟೇ ಹೇಳಿದ್ದೆನಲ್ಲ — ಅವು ಜೂಜಿನ ಮಷೀನುಗಳು. ಷಿಕಾಗೋದಿಂದ ನೆವಾಡದ ಜೂಜುಮನೆಗಳಿಗೆ ಹೋಗುವ ಮೊದಲು ಅವನ್ನು ಎಳೆದೆಳೆದು ಪರೀಕ್ಷಿಸುವುದು ನನ್ನ ಕೆಲಸ. ಬಿಲ್ಲೆ ಹಾಕಿ ಹಿಡಿಕೆ ಎಳೆದರೆ ಹಣ್ಣಿನ ಚಿತ್ರಗಳಿದ್ದ ಮೂರು ಚಕ್ರ ತಿರುಗಿ ನಿಲ್ಲುತ್ತಿದ್ದವು; ಮೂರರಲ್ಲೂ ಒಂದೇ ಹಣ್ಣು ಗೆರೆಗೆ ಬಂದರೆ ಗೆಲುವು. ಗೆದ್ದ ಬಿಲ್ಲೆಯನ್ನೂ ತಿರುಗಿ ಡಬ್ಬಿಗೇ ಸುರಿಯಬೇಕು. ಕೈ ಕೆಸರಾಗುವುದೂ ಇಲ್ಲ, ಬಾಯಿಗೆ ಮೊಸರೂ ಇಲ್ಲ! ಆದರೂ ಬಿಡಲಾಗುತ್ತಿರಲಿಲ್ಲ. ಸುಮ್ಮನೆ ಸೋತರೆ ಬೇಸರ ಬಂದು ಬಿಟ್ಟೇನು; ಆದರೆ ಎರಡು ಚೆರಿ ಹಣ್ಣು ಸಾಲಿಗೆ ಬಂದು, ಮೂರನೆಯದು ಗೆರೆಯಿಂದ ಒಂದು ಚೂರು ಮೇಲೆ ನಿಂತರೆ — ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು! ಮಕ್ಕಳಿಗೆ "ಇದೊಂದೇ ಕೊನೇ ತುತ್ತು" ಎಂದು ಉಣ್ಣಿಸುತ್ತೇವಲ್ಲ, ಹಾಗೆ ನನಗೆ ನಾನೇ ಹೇಳಿಕೊಂಡು ಮತ್ತೆ ಎಳೆಯುತ್ತಿದ್ದೆ.

ಆ ದಿನ ಕೆಲಸ ಮುಗಿದ ಬೆಲ್ ಆದಮೇಲೂ ಎಳೆದೆ. ಅಷ್ಟರಲ್ಲಿ ಐದು ವರ್ಷದ ನನ್ನ ಸುಮಾ ಶಾಲೆಯಿಂದ ಬಂದು, ವೆಸ್ಟ್‌ಮಂಟ್‌ನ ನಮ್ಮ ಬೀಗ ಹಾಕಿದ ಬಾಗಿಲ ಮುಂದೆ, ಆ ಹಿಮದಲ್ಲಿ, ಗ್ಲೌಸೂ ಇಲ್ಲದೆ — ಎದುರುಮನೆಯ ನೀವು ಡೆಟ್ರಾಯಿಟ್ ರೈಲಿಗೆ ಹೊರಟಿದ್ದಿರಿ. ಮರುದಿನ ಬೆಳಿಗ್ಗೆ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸಕ್ಕೆ ನಿಮ್ಮ ಇಂಟರ್‌ವ್ಯೂ. ಸೂಟ್‌ಕೇಸ್ ಕೆಳಗಿಟ್ಟು ಮಗುವನ್ನು ಒಳಗೆ ಕರೆದುಕೊಂಡಿರಿ.

ನಾನು ಓಡಿ ಬಂದಾಗ ಅವಳ ಮರಗಟ್ಟಿದ ಬೆರಳುಗಳನ್ನು ನಿಮ್ಮ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಿರಿ. "ಬಸ್ ಕೆಟ್ಟೋಯ್ತು ಶಾಂತಕ್ಕ" ಎಂದೆ.

"ಅಳಬ್ಯಾಡ್ರಿ. ಬೆರಳು ಉಳದಾವ. ಸ್ವಲ್ಪದಾಗ ತಪ್ಪಿತು ನೋಡ್ರಿ, ದೇವ್ರು ದೊಡ್ಡಾಂವ" ಎಂದಿರಿ.

ಅದೇ ಮಾತು! ಮಷೀನಿನ ಮುಂದೆ ನಾನು ಹಲುಬುತ್ತಿದ್ದ ಮಾತನ್ನೇ ನೀವು ದೇವರಿಗೆ ಕೈಮುಗಿದು ಹೇಳಿದಿರಿ. ನಾಚಿಕೆಯಿಂದ ಸತ್ತುಹೋದೆ. ಮರುದಿನವೇ ಆ ಕೆಲಸ ಬಿಟ್ಟೆ — ಸುಳ್ಳನ್ನು ಮಾತ್ರ ಬಿಡಲಿಲ್ಲ. ರೈಲೂ ಹೋಗಿ, ಇಂಟರ್‌ವ್ಯೂವೂ ಹೋಗಿ, ನೀವು ಇನ್ನೊಂದು ವರ್ಷ ಮನೆಯಲ್ಲಿ ಕೂತಿರಿ. ಮೇಲಿಂದ ನನಗೇ ಸಮಾಧಾನ: "ಹೋಗ್ಲಿ ಬಿಡ್ರಿ, ಬಸ್ ಕೆಟ್ರ ನೀವರ ಏನ್ ಮಾಡ್ತೀರಿ?"

ಸುಮಾ ಈಗ ಹೈಸ್ಕೂಲಿನಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆ. ಅವಳ ಹತ್ತೂ ಬೆರಳು ಓಡುವುದನ್ನು ನೋಡಿದಾಗಲೆಲ್ಲ ನಿಮ್ಮನ್ನು ನೆನೆದು ಕಣ್ಣು ತುಂಬಿಕೊಳ್ಳುತ್ತೇನೆ. ನಿಮ್ಮ ಋಣ ತೀರಿಸುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ — ಇದ್ದಷ್ಟು ದಿನ ಹೊತ್ತುಕೊಂಡಿರುವ ಆಸೆ.

ಶನಿವಾರ ಅವಳನ್ನು ಕರೆದುಕೊಂಡು ಡೆಟ್ರಾಯಿಟ್‌ಗೆ, ನಿಮ್ಮ ಈಗಿನ ಮನೆಗೆ ಬರುತ್ತಿದ್ದೇನೆ. ಅಂದು ನಿಮಗೆ ತಪ್ಪಿಹೋದ ಅದೇ ರೈಲಿನಲ್ಲಿ. ಅವಳಿಗೂ ಇನ್ನೂ ಬಸ್ಸು ಕೆಟ್ಟ ಕಥೆಯೇ ಗೊತ್ತು. ನಿಮ್ಮಿಬ್ಬರ ಮುಂದೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರೆ, ಹೊರಗೆ ನಿಲ್ಲುವ ಸರದಿ ನನ್ನದು.